ಮೈಸೂರು–ಮೇಲುಕೋಟೆ ಒಬ್ಬನೇ ಸೈಕಲ್ಲಲ್ಲಿ: 108 ಕಿ.ಮೀ.ಗೆ 11 ಗಂಟೆ ತಗೊಂಡೆ, ಬೈಯೋರು ಬೈಬಹುದು

ಹಿಂದಿನಗಾಲಿ

ಎರಡು ವರ್ಷದಿಂದ ಈ ಸೈಕಲ್ ಫೋರಮ್ಮಲ್ಲಿ ಬರೀ ಓದ್ಕೊಂಡಿದ್ದೋನು, ಬರೀತಿರೋದು ಇದೇ ಮೊದಲು. ಉದ್ದ ಆಗುತ್ತೆ, ಮೊದಲೇ ಹೇಳಿದೀನಿ.

ಸಂಕ್ರಾಂತಿ ಆದ್ಮೇಲಿನ ಭಾನುವಾರ ನಮ್ಮ ಗುಂಪಿನ ರೈಡ್ ಇತ್ತು, ಜ್ವರ ಅಂತ ಸುಳ್ಳು ಹೇಳಿ ತಪ್ಪಿಸ್ಕೊಂಡೆ. (ಗುಂಪಿನೋರು ಯಾರಾದ್ರೂ ಓದ್ತಿದ್ರೆ ಕ್ಷಮಿಸಿ, ಮುಂದಿನ ಸಲ ಟೀ ನಂದು.) ಯಾಕಂದ್ರೆ ಗುಂಪಲ್ಲಿ ನಾನು ಯಾವಾಗ್ಲೂ ಕೊನೇಲಿ ಇರೋನು, ಮುಂದಿರೋನ ಟೈರ್ ಬಿಟ್ರೆ ಬೇರೇನೂ ಕಂಡಿದ್ದಿಲ್ಲ, ಒಂದು ವರ್ಷದಲ್ಲಿ ಶ್ರೀರಂಗಪಟ್ಣದ ಮೇಲೆ ನಲವತ್ತು ಸಲ ಆದ್ರೂ ಹೋಗಿರ್ತೀನಿ, ಆದ್ರೆ ಹೊಳೇಲಿ ನೀರಿತ್ತಾ ಅಂತ ಮನೇಲಿ ಕೇಳಿದ್ರೆ ಉತ್ತರ ಇಲ್ಲ. ಸೈಕಲ್ ತಗೊಂಡಿದ್ದು ಇದಕ್ಕಾ ಅಂತ ಒಂದಿನ ಅನ್ನಿಸಿಬಿಡ್ತು.

ಬೆಳಿಗ್ಗೆ 6ಕ್ಕೆ ಬಿಟ್ಟೆ. ಮೈಸೂರಿಂದ ಶ್ರೀರಂಗಪಟ್ಣ 15 ಕಿ.ಮೀ., ಹೆಚ್ಚೂಕಮ್ಮಿ ಇಳಿಜಾರೇ, ಪೆಡಲ್ ಮಾಡದೇ ಹೋಗಿಬಿಡಬಹುದು. ಸಾಯಂಕಾಲ ಅದೇ ಇಳಿಜಾರು ಕೊಟ್ಟ ಸಾಲ ವಾಪಸ್ ಕೇಳೋ ಥರ ಎದುರಿಗೆ ನಿಂತಿರುತ್ತೆ, ಅದು ಬೇರೆ ಮಾತು. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮೇನ್ ರೋಡಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್, ಸೈಕಲ್ಲು ಯಾವುದನ್ನೂ ಬಿಡಲ್ವಲ್ಲ, ಸರ್ವಿಸ್ ರೋಡೇ ಗತಿ. ಅಲ್ಲಿ ಎದುರುಗಡೆಯಿಂದ ಬರೋರ ಕಾಟ ಇದೆ, ಆದ್ರೆ ಆರು ಗಂಟೆಗೆ ಹಾಲಿನ ಗಾಡಿ ಬಿಟ್ರೆ ಯಾರೂ ಇರ್ಲಿಲ್ಲ. ಪಶ್ಚಿಮವಾಹಿನಿ ಹತ್ರ ಮಂಜು ಎಷ್ಟಿತ್ತು ಅಂದ್ರೆ ನನ್ನ ಮುಂದಿನ ಲೈಟೇ ನನಗೆ ವಾಪಸ್ ಹೊಡೀತಿತ್ತು.

ವೆಲ್ಲೆಸ್ಲಿ ಸೇತುವೆ ಹತ್ರ ಮೊದಲನೇ ಸಲ ಇಳಿದು ನಿಂತೆ. ದಿವಾನ್ ಪೂರ್ಣಯ್ಯನವರ ಕಾಲದ್ದು, 1804ರಲ್ಲಿ ಮುಗಿದಿದ್ದು, ಬರೀ ಕಲ್ಲಿನ ಕಂಬ, ಮೇಲೆ ಕಲ್ಲಿನ ತೊಲೆ. ಕಂಬದ ಕೆಳಗಡೆ ಪ್ರವಾಹ ಬಂದಾಗ ಸಿಕ್ಕಾಕ್ಕೊಂಡಿರೋ ಕಡ್ಡಿ, ಹಳೇ ಸೀರೆ ಚೂರು ಇನ್ನೂ ಹಾಗೇ ಇತ್ತು, ನನ್ನ ತಲೆಗಿಂತ ಮೇಲೆ. ಅಷ್ಟೆತ್ತರ ನೀರು ಬಂದಿತ್ತಾ ಅಂತ ನೋಡ್ತಾ ನೋಡ್ತಾ ಇಪ್ಪತ್ತು ನಿಮಿಷ. ಹೌದು, ಹೊಳೇಲಿ ನೀರಿತ್ತು.

ಕಿರಂಗೂರಿಂದ ಎಡಕ್ಕೆ ಪಾಂಡವಪುರದ ರೋಡು. ಕಬ್ಬಿನ ಕಟಾವು ನಡೀತಿದೆ, ಟ್ರ್ಯಾಕ್ಟರ್ ಹಿಂದೆ ಹೋದ್ರೆ ಗರಿ ಮುಖಕ್ಕೆ ಹೊಡಿಯುತ್ತೆ, ಹುಷಾರು. ಪಾಂಡವಪುರ ದಾಟಿ ತೊಣ್ಣೂರು ಕಡೆಗೆ ಹೋಗೋವಾಗ ಆಲೆಮನೆ ಹೊಗೆ ಕಾಣಿಸ್ತು. ಗುಂಪಲ್ಲಿದ್ದಿದ್ರೆ ಮೂಗಿಗೆ ಬಂದ ವಾಸನೆ ಮೂಗಲ್ಲೇ ಉಳೀತಿತ್ತು. ಒಳಗೆ ಹೋದೆ. ಕೊಪ್ಪರಿಗೇಲಿ ಕಬ್ಬಿನಹಾಲು ಕುದೀತಿದೆ, ಒಬ್ರು ಬೆಂಡೆ ಗಿಡದ ಲೋಳೆ ಹಾಕ್ತಿದ್ರು, ಹಾಕಿದ ತಕ್ಷಣ ಕಸರು ಎಲ್ಲಾ ಕಪ್ಪು ನೊರೆ ಆಗಿ ಮೇಲೆ ಬರುತ್ತೆ, ಅದನ್ನ ಜಾಲರಿ ಸೌಟಲ್ಲಿ ಎತ್ತಿ ಎತ್ತಿ ಬಿಸಾಕ್ತಾರೆ. ಒಲೆಗೆ ಒಣಗಿಸಿದ ಕಬ್ಬಿನ ಸಿಪ್ಪೇನೇ ಸೌದೆ. ಬಿಸಿ ಬೆಲ್ಲ ಕಬ್ಬಿನ ಜಲ್ಲೆ ತುದೀಲಿ ಸುತ್ತಿ ಕೊಟ್ರು. ದುಡ್ಡು ಕೊಡೋಕೆ ಹೋದ್ರೆ ತಗೊಳ್ಲಿಲ್ಲ. ನನ್ನ ಜೇಬಲ್ಲಿ ಎರಡು ಎನರ್ಜಿ ಜೆಲ್ ಇತ್ತು, ಒಂದಕ್ಕೆ ನೂರು ರೂಪಾಯಿ ಮೇಲೆ ಕೊಟ್ಟಿದ್ದೆ. ಅದರ ವಿಷಯ ಅಲ್ಲಿ ಎತ್ತಲಿಲ್ಲ.

ತೊಣ್ಣೂರು ಕೆರೆ ಏರಿ ಮೇಲೆ ಮುಕ್ಕಾಲು ಗಂಟೆ ಕೂತೆ. ಅದರ ಬಗ್ಗೆ ಏನೂ ಬರೆಯಲ್ಲ. ಹೋಗಿ ನೋಡಿ.

ಈಗ ಅಸಲಿ ಕಥೆ. ಜಕ್ಕನಹಳ್ಳಿಗೆ ಇನ್ನೂ ಸ್ವಲ್ಪ ದೂರ ಇದೆ ಅನ್ನೋವಾಗ ಒಂದೂರ ಹತ್ರ ಅರ್ಧ ರಸ್ತೆಗೆ ಹುರುಳಿ ಬಳ್ಳಿ ಹರಡಿದ್ರು, ಗಾಡಿ ಹತ್ತಿ ಕಾಳು ಉದುರಲಿ ಅಂತ. ಇನ್ನರ್ಧದಲ್ಲಿ ಎದುರಿಗೆ ಬಸ್ಸು. ಮೆತ್ತಗಿದೆ, ಹತ್ತಿಸ್ಕೊಂಡು ಹೋಗ್ಬಿಡೋಣ ಅಂತ ಹೋದೆ. ಹತ್ತು ಅಡಿ ಹೋಗಿರಬೇಕು, ಹಿಂದ್ಗಡೆ ಕಟಕ್ ಅಂತು, ಪೆಡಲ್ ಲಾಕ್, ಶೂನ ಪೆಡಲ್ಲಿಗೆ ಸಿಕ್ಕಿಸೋ ಕ್ಲೀಟ್ ಬಿಚ್ಚೋಕೆ ಟೈಮ್ ಸಿಗ್ಲಿಲ್ಲ, ಹಾಗೇ ಮರ ಬಿದ್ದಂಗೆ ಪಕ್ಕಕ್ಕೆ ಬಿದ್ದೆ. ಬಿದ್ದಿದ್ದು ಹುರುಳಿ ಮೇಲೆ, ಅದಕ್ಕೇ ನಂಗೇನೂ ಆಗ್ಲಿಲ್ಲ. ನೋಡಿದ್ರೆ ಬಳ್ಳಿ ಹಿಂದ್ಗಡೆ ಗೇರ್ ಬದಲಾಯಿಸೋ ಡಿರೈಲರ್ ಒಳಗೆ ಹಗ್ಗ ಹೊಸೆದಂಗೆ ಸುತ್ಕೊಂಡಿದೆ, ಅದರೊಳಗೆ ಚೈನ್ ಹಾಯೋ ಪುಟ್ಟ ಚಕ್ರ, ಜಾಕಿ ವೀಲ್, ಕಾಣಿಸ್ತಾನೇ ಇಲ್ಲ.

ಅಲ್ಲಿ ಒಕ್ಕಣೆ ನೋಡ್ಕೊಂಡಿದ್ದ ಅಜ್ಜಿ ಕುಡ್ಲು ಹಿಡ್ಕೊಂಡು ಬಂದ್ರು. ನಾನು ಬೈಸ್ಕೊಳ್ಳೋಕೆ ರೆಡಿಯಾದೆ. ಅವರು ಬಗ್ಗಿ ನೋಡಿ, "ಸೈಕಲ್ಗೂ ಹುಳ್ಳಿ ತಿನ್ನಿಸ್ತಿದೀಯಲ್ಲಪ್ಪಾ, ಏನು ಕುದ್ರೆನಾ ಅದು" ಅಂದ್ರು. ಆಮೇಲೆ ಅವರೇ ಕೂತು ಕುಡ್ಲು ತುದೀಲಿ ಒಂದೊಂದೇ ಎಳೆ ಕುಯ್ದು ಬಿಡಿಸಿದ್ರು, ಚೈನಿಗೆ ಒಂದು ಗೀರೂ ಬೀಳದಂಗೆ. ಕೈಯೆಲ್ಲಾ ಗ್ರೀಸು. ಬಿಡಿಸಿದ ಬಳ್ಳೀನ ಒದರಿ ಕಾಳು ವಾಪಸ್ ರಾಶಿಗೆ ಹಾಕಿ, ನನ್ನ 28 ಎಂ.ಎಂ. ಟೈರ್ ಹಿಸುಕಿ ನೋಡಿ, "ಇಷ್ಟು ಸಣ್ಕಲು ಚಕ್ರುಕ್ಕೆ ಒಂದ್ ಕಾಳೂ ಉದ್ರಾಕಿಲ್ಲ ಹೋಗು" ಅಂದ್ರು.

ಅಲ್ಲಿಂದ ಮುಂದಕ್ಕೆ ದೊಡ್ಡ ಹಲ್ಲಿಗೆ (ಹಿಂದಿನ ಗೇರ್ ಚಕ್ರಗಳಲ್ಲಿ ಎಲ್ಲಕ್ಕಿಂತ ದೊಡ್ಡದಕ್ಕೆ) ಚೈನ್ ಹಾಕಿದ್ರೆ ಸ್ಪೋಕಿಗೆ ಏನೋ ತಾಗೋ ಸೌಂಡು. ಹಾಗಾಗಿ ಮೇಲುಕೋಟೆ ಏರು ಒಂದು ಹಲ್ಲು ಕಮ್ಮೀಲೇ ಹತ್ತಿದೆ, ಕೊನೇಲಿ ಎರಡು ಕಡೆ ಇಳಿದು ತಳ್ಳಿದೆ. ತಳ್ಳೋದು ನಾಚಿಕೆ ಅಂತ ಯಾರು ಹೇಳಿದ್ರೋ. ಮಧ್ಯಾಹ್ನ ಮುಕ್ಕಾಲು ಒಂದಕ್ಕೆ ಕಲ್ಯಾಣಿ ಮೆಟ್ಟಿಲು, ಕೈಯಲ್ಲಿ ದೊನ್ನೆ ಪುಳಿಯೋಗರೆ. ಎರಡು ದೊನ್ನೆ. ಬೆಟ್ಟ ಹತ್ತೋಣ ಅಂದ್ರೆ ಕ್ಲೀಟ್ ಶೂ ಕಲ್ಲು ಮೆಟ್ಟಿಲ ಮೇಲೆ ಜಾರುತ್ತೆ, ಬರಿಗಾಲಲ್ಲಿ ಹೋದ್ರೆ ಬಿಸಿಲಿಗೆ ಕಾದಿದೆ, ಯೋಗಾನರಸಿಂಹಸ್ವಾಮಿಗೆ ಕೆಳಗಿಂದಲೇ ಕೈಮುಗಿದೆ.

ಸಂಜೆ 5.20ಕ್ಕೆ ಮನೆ. ಸೈಕಲ್ ಮೇಲೆ ಕೂತಿದ್ದು ಸರಿಯಾಗಿ 6 ಗಂಟೆ, ರೋಡ್ ಮೇಲೆ ಇದ್ದಿದ್ದು 11 ಗಂಟೆ 20 ನಿಮಿಷ. ಇದು ರೈಡಾ, ಪಿಕ್ನಿಕ್ಕಾ ನೀವೇ ಹೇಳಿ. ಮತ್ತೆ ಆ ದೊಡ್ಡ ಹಲ್ಲಿನ ಸೌಂಡ್ ಏನು, ಗೊತ್ತಿರೋರು ತಿಳಿಸಿ.

ಗ್ರೀಸ್ ಕೈ

ಮೊದಲು ಸೌಂಡಿನ ವಿಷಯ. ನಿಮ್ಮ ಹ್ಯಾಂಗರ್ ಬೆಂಡ್ ಆಗಿದೆ. ಹಿಂದಿನ ಡಿರೈಲರ್ ನೇರವಾಗಿ ಫ್ರೇಮಿಗೆ ಕೂತಿರಲ್ಲ, ಮಧ್ಯೆ ಬೆರಳುದ್ದದ ಒಂದು ಮೆತ್ತನೆ ಅಲ್ಯೂಮಿನಿಯಂ ತುಂಡು ಇರುತ್ತೆ, ಅದೇ ಹ್ಯಾಂಗರ್. ಬೇಕಂತಲೇ ಮೆತ್ತಗೆ ಮಾಡಿರ್ತಾರೆ, ಏಟು ಬಿದ್ರೆ ಅದು ಬಗ್ಗಲಿ ಅಥವಾ ಮುರೀಲಿ, ಫ್ರೇಮ್ ಉಳೀಲಿ ಅಂತ. ಬಳ್ಳಿ ಎಳೆದಾಗ ಡಿರೈಲರ್ ಒಳಗಡೆಗೆ ಬಾಗಿದೆ, ದೊಡ್ಡ ಹಲ್ಲಿಗೆ ಹಾಕಿದ್ರೆ ಜಾಕಿ ವೀಲ್ ಹಿಡ್ಕೊಂಡಿರೋ ಪಂಜರ ಸ್ಪೋಕಿಗೆ ತಾಗುತ್ತೆ. ಏರಲ್ಲಿ ಜೋರಾಗಿ ತುಳೀತಾ ಆ ಹಲ್ಲಿಗೆ ಹಾಕಿದ್ದಿದ್ರೆ ಡಿರೈಲರ್ ಚಕ್ರದೊಳಗೆ ಹೋಗಿ, ಹ್ಯಾಂಗರ್ ಮುರಿದು, ನಾಕೈದು ಸ್ಪೋಕ್ ಕಿತ್ತು, ಪುಳಿಯೋಗರೆ ಬದಲು ಟೆಂಪೋ ಹುಡುಕ್ತಿದ್ರಿ. ಸೌಂಡ್ ಕೇಳಿ ಬಿಟ್ರಲ್ಲ, ಬುದ್ಧಿವಂತರು.

ಕೈಯಲ್ಲಿ ಬಗ್ಗಿಸಿ ಸರಿ ಮಾಡೋಕೆ ಹೋಗ್ಬೇಡಿ. ಅಂಗಡೀಲಿ ಅಲೈನ್‌ಮೆಂಟ್ ಗೇಜ್ ಅಂತ ಉದ್ದ ಕೈ ಇರೋ ಟೂಲ್ ಇರುತ್ತೆ, ರಿಮ್ಮಿಗೆ ನಾಕು ಕಡೆ ಅಳತೆ ಹಿಡಿದು ನೇರ ಮಾಡ್ತಾರೆ, ಹತ್ತು ನಿಮಿಷದ ಕೆಲಸ. ಮತ್ತೆ ನಿಮ್ಮ ಫ್ರೇಮಿಗೆ ಕೂರೋ ಹ್ಯಾಂಗರ್ ಒಂದು ಎಕ್ಸ್‌ಟ್ರಾ ತಗೊಂಡು ಸೀಟಿನ ಕೆಳಗಿನ ಚೀಲದಲ್ಲಿ ಹಾಕ್ಕೊಳ್ಳಿ. ಒಂದು ಕಂಪನೀದು ಇನ್ನೊಂದಕ್ಕೆ ಕೂರಲ್ಲ, ಒಂದೇ ಕಂಪನೀಲೇ ಎರಡು ಮಾಡೆಲ್ಲಿಗೆ ಎರಡು ಥರ ಇರುತ್ತೆ. ಪಾಂಡವಪುರದಲ್ಲಿ ಹುಡುಕಿದ್ರೆ ಸಿಗೋ ಸಾಮಾನಲ್ಲ ಅದು.

ಚೈನ್ ಟೂಲ್ ಇತ್ತಾ? ಪೂರ್ತಿ ಮುರಿದ್ರೆ ಏನ್ ಮಾಡ್ಬೇಕು ಗೊತ್ತಾ?

ಹಿಂದಿನಗಾಲಿ

ಟ್ಯೂಬು, ಪಂಪು, ಲಿವರ್ ಇತ್ತು. ಚೈನ್ ಟೂಲ್ ಇರ್ಲಿಲ್ಲ. ಮುರಿದ್ರೆ ಏನ್ ಮಾಡ್ಬೇಕು ಗೊತ್ತಿಲ್ಲ, ಅಜ್ಜೀನ ಕೂಗ್ತಿದ್ದೆ.

ಗ್ರೀಸ್ ಕೈ

ಅಜ್ಜಿ ಎಲ್ಲಾ ಕಡೆ ಸಿಗಲ್ಲ ಸ್ವಾಮಿ. ಚೈನ್ ಕಟ್ ಮಾಡಿ, ಡಿರೈಲರ್ ಪೂರ್ತಿ ಬಿಟ್ಟು, ಮುಂದೆ ಪೆಡಲ್ ಹತ್ರದ ಸಣ್ಣ ರಿಂಗು ಹಿಂದೆ ನಡುವಿನ ಒಂದು ಹಲ್ಲು, ಅಷ್ಟಕ್ಕೆ ಎಷ್ಟುದ್ದ ಬೇಕೋ ಅಷ್ಟು ಉಳಿಸಿ ಕ್ವಿಕ್ ಲಿಂಕ್ (ಚೈನ್ ಜೋಡಿಸೋ ಕೊಂಡಿ) ಹಾಕಿ ಸೇರಿಸಿ. ಚೈನ್ ಎರಡೂ ಕಡೆ ನೇರ ಲೈನಲ್ಲಿ ಇರ್ಬೇಕು, ಓರೆ ಇದ್ರೆ ತಾನೇ ಪಕ್ಕದ ಹಲ್ಲಿಗೆ ಹತ್ತಿ ಬಿಗಿಯಾಗಿಬಿಡುತ್ತೆ. ಒಂದೇ ಗೇರಿನ ಸೈಕಲ್ ಆಗುತ್ತೆ, ಮನೆಗೆ ಬರಬಹುದು. ನಮ್ಮಪ್ಪ ಜೀವನ ಪೂರ್ತಿ ಹಾಗೇ ಓಡಿಸಿದ್ರು ಬಿಡಿ.

ಇನ್ನೂರರ ಹುಚ್ಚ

ಚೆನ್ನಾಗಿ ಬರ್ದಿದೀರ, ಆದ್ರೆ ಒಂದು ಮಾತು ಹೇಳ್ಲೇಬೇಕು, ಬೇಜಾರಾಗ್ಬೇಡಿ. ನಿಂತಿದ್ದೂ ಸೇರಿಸಿದ್ರೆ ಗಂಟೆಗೆ 9.5 ಕಿ.ಮೀ. ಬಂತು. ಬ್ರೆವೆಯಲ್ಲಿ (ಟೈಮ್ ಒಳಗೆ ಮುಗಿಸಬೇಕಾದ ದೂರದ ರೈಡಲ್ಲಿ) 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಟೈಮು, ಗಡಿಯಾರ ಎಲ್ಲೂ ನಿಲ್ಲಲ್ಲ, ಟೀ ಕುಡಿದ್ರೂ ಓಡುತ್ತೆ ಪಂಕ್ಚರ್ ಆದ್ರೂ ಓಡುತ್ತೆ. ನಿಮ್ಮ ಲೆಕ್ಕದಲ್ಲಿ ಹೋದ್ರೆ 21 ಗಂಟೆ ಬೇಕು. ನಿಧಾನ ಹೋಗೋದು ತಪ್ಪಲ್ಲ, ಆದ್ರೆ ನಿಧಾನವೇ ದೊಡ್ಡದು ಅನ್ನೋ ಥರ ಬರೆಯೋದು ಈಗ ಒಂದು ಫ್ಯಾಷನ್ ಆಗಿದೆ. ವೇಗವಾಗಿ ಹೋಗೋರು ಏನೂ ನೋಡಲ್ಲ ಅಂತ ಯಾಕೆ ಅಂದ್ಕೋತೀರ? ನಾನು ರಾತ್ರಿ ಮೂರು ಗಂಟೇಲಿ ಚಾಮರಾಜನಗರ ಕಡೆ ನೋಡಿರೋ ಆಕಾಶ ನೀವು ನೋಡಿಲ್ಲ.

ಮತ್ತೆ ಏರಿನ ಬಗ್ಗೆ. ನಿಮ್ದು 34 ಹಲ್ಲಿನ ಸಣ್ಣ ರಿಂಗು, ಹಿಂದೆ 32 ಇರೋ ಎಂಟು ಸ್ಪೀಡ್ ಕ್ಯಾಸೆಟ್ (ಹಿಂದಿನ ಗೇರ್ ಚಕ್ರಗಳ ಸೆಟ್) ಅಂದ್ಕೋತೀನಿ. ಪೆಡಲ್ ಒಂದು ಸುತ್ತಿಗೆ ಸುಮಾರು 2.3 ಮೀಟರ್ ಮುಂದಕ್ಕೆ ಹೋಗ್ತೀರ. ಅದರ ಕೆಳಗಿನ ಹಲ್ಲು 28, ಅದರಲ್ಲಿ 2.6 ಮೀಟರ್. ಓದೋಕೆ ಒಂದಡಿ ವ್ಯತ್ಯಾಸ, ಏರಲ್ಲಿ ಮಂಡಿ ಚಿಪ್ಪಿಗೆ ಗೊತ್ತಾಗುತ್ತೆ. ಅದಕ್ಕೇ ತಳ್ಳಿದೀರ, ನಾಚಿಕೆ ಬೇಡ.

ಹಿಂದಿನಗಾಲಿ

ಬೇಜಾರಿಲ್ಲ. ನಿಧಾನ ದೊಡ್ಡದು ಅಂತ ಹೇಳಿಲ್ಲ ನಾನು, ಒಬ್ಬನೇ ಇದ್ರೆ ನಿಲ್ಲಬಹುದು ಅಂದೆ ಅಷ್ಟೇ. ಸೈಕಲ್ ಮೇಲೆ ಕೂತಾಗ ನನ್ನ ಸ್ಪೀಡ್ 18, ಗುಂಪಲ್ಲಿ 22 ಇರ್ಬಹುದು, ಅಂಥಾ ಫರಕ್ ಏನಿಲ್ಲ. ಫರಕ್ ಇರೋದು ಇಳಿಯೋದ್ರಲ್ಲಿ. ಗುಂಪಲ್ಲಿ ಒಬ್ಬ ಇಳಿದ್ರೆ ಎಂಟು ಜನ ಕಾಲು ಕೆಳಗಿಟ್ಟು ವಾಚ್ ನೋಡ್ತಾರೆ. ಕ್ಯಾಸೆಟ್ ಸರಿಯಾಗೇ ಊಹಿಸಿದೀರ.

ಪಾಂಡವಪುರದ ಹೈದ

ನಮ್ ಕಡೆ ಬಂದು ನಮ್ ಹುಳ್ಳಿ ಮೇಲೆ ಬಿದ್ದು ಅಲ್ಲಿಗೊಂದು ಕಥೆ ಬೇರೆ. ನಗ್ತಾ ಹೇಳ್ತಿದೀನಿ ಕಣಣ್ಣ, ತಪ್ಪು ತಿಳ್ಕಬೇಡಿ.

ಆದ್ರೆ ಪ್ರತಿ ವರ್ಷ ಈ ಸೀಸನ್ನಲ್ಲಿ ಸಿಟಿಯೋರು ಬಂದು ರೋಡಲ್ಲಿ ಒಕ್ಕಣೆ ಮಾಡ್ತಾರೆ ಅಂತ ಫೋಟೋ ಹಾಕಿ ಬಯ್ಯೋದು ನೋಡಿದೀನಿ, ಅದಕ್ಕೆ ಬರೀತಿದೀನಿ. ನಮ್ ತಾತನ ಕಾಲದಲ್ಲಿ ಕಣ ಇತ್ತು. ಸುಗ್ಗಿಗೆ ಮುಂಚೆ ನೆಲ ಕೆತ್ತಿ, ನೀರು ಹಾಕಿ ತುಳ್ಸಿ, ಸಗಣಿ ಬಳ್ದು ಕನ್ನಡಿ ಮಾಡೋರು, ಎತ್ತು ಕಟ್ಟಿ ಗುಂಡು ಉಳ್ಳಿಸೋರು, ವಾರಗಟ್ಟಲೆ ಮನೆಯೋರೆಲ್ಲಾ ಅಲ್ಲೇ ಮಲಗೋರು. ಈಗ ಎತ್ತು ಎಲ್ಲಿದೆ? ಮನೇಲಿ ಇರೋದು ಅವ್ವ ಒಬ್ಳೇ, ನಾನು ಬೆಂಗ್ಳೂರಲ್ಲಿ ಗಾಡಿ ಓಡಿಸ್ತೀನಿ. ಭತ್ತಕ್ಕೆ ಮಿಶಿನ್ ಬರ್ತದೆ, ಅರ್ಧ ಎಕರೆ ಹುಳ್ಳಿಗೆ ಯಾರು ತಂದಾರು? ರೋಡಿಗೆ ಹಾಕಿದ್ರೆ ಸಾಯಂಕಾಲಕ್ಕೆ ಬಸ್ಸು ಲಾರಿ ಓಡಾಡಿ ಪುಕ್ಸಟ್ಟೆ ಉದುರಿಸಿಕೊಡ್ತವೆ.

ಅಪಾಯ ಅನ್ನೋದು ಗೊತ್ತು. ನಮ್ಮೂರಲ್ಲೇ ರಾಗಿ ಹುಲ್ಲಿನ ಮೇಲೆ ಬೈಕ್ ಜಾರಿ ಒಬ್ಬನ ಕಾಲು ಮುರೀತು, ಅವನೂ ರೈತನ ಮಗನೇ. ಕಾರಿನ ಕೆಳಗೆ ಹುಲ್ಲು ಸುತ್ತಿ ಸೈಲೆನ್ಸರ್ ಬಿಸಿಗೆ ಬೆಂಕಿ ಹತ್ತೋದೂ ಉಂಟು. ಸರಿ ಅಂತ ಹೇಳ್ತಿಲ್ಲ ನಾನು. ಊರಿಗೊಂದು ಸಿಮೆಂಟ್ ಕಣ ಮಾಡಿಕೊಟ್ರೆ ಯಾರು ರೋಡಿಗೆ ಬರ್ತಾರೆ? ಕೆಲವು ಕಡೆ ಮಾಡವ್ರೆ, ಅದ್ರಲ್ಲಿ ಈಗ ಯಾರ್ದೋ ಜಲ್ಲಿ ಸುರ್ಕಂಡವ್ರೆ.

ಸೈಕಲ್ನೋರಿಗೆ ನನ್ ಸಲಹೆ: ಹುಳ್ಳಿ, ಅಲಸಂದೆ, ಅವರೆ ಇವೆಲ್ಲಾ ಬಳ್ಳಿ, ಹತ್ತಿಸಲೇಬೇಡಿ, ಇಳ್ದು ಎತ್ಕೊಂಡು ದಾಟಿ. ರಾಗಿ ತೆನೆ ಆದ್ರೆ ಸುತ್ಕೊಳಲ್ಲ, ಆದ್ರೆ ಜಾರ್ತದೆ, ಬ್ರೇಕ್ ಹಿಡೀಬೇಡಿ. ಭತ್ತ ಒಣಗಾಕಿದ್ರೆ ಅದ್ರ ಸುತ್ತ ಕಲ್ಲಿಟ್ಟಿರ್ತಾರೆ, ಕತ್ಲಲ್ಲಿ ಕಾಣ್ಸಲ್ಲ, ಆ ಕಲ್ಲೇ ಡೇಂಜರು.

ಹಿಂದಿನಗಾಲಿ

ಬಯ್ಯೋ ಮನಸ್ಸು ನಂಗೆ ಒಂದು ಕ್ಷಣಕ್ಕೂ ಬರ್ಲಿಲ್ಲಣ್ಣ. ನಾನೇ ಅವರ ಬೆಳೆ ಮೇಲೆ ಸೈಕಲ್ ಹತ್ತಿಸಿದ್ದು. ಸಿಮೆಂಟ್ ಕಣದಲ್ಲಿ ಜಲ್ಲಿ ಸುರಿದಿರೋದು ನಾನೂ ನೋಡಿದೆ, ಆ ಸಿಮೆಂಟ್ ನೆಲ ಏನಕ್ಕೆ ಅಂತ ಈಗ ಗೊತ್ತಾಯ್ತು.

ಒಬ್ಬಳೇ ಹೊರಟವಳು

ಓದಿ ಖುಷಿ ಆಯ್ತು, ಸ್ವಲ್ಪ ಹೊಟ್ಟೆಕಿಚ್ಚೂ ಆಯ್ತು. ತೊಣ್ಣೂರು ಕೆರೆ ಏರಿ ಮೇಲೆ ಮುಕ್ಕಾಲು ಗಂಟೆ ಒಬ್ಬರೇ ಸುಮ್ಮನೆ ಕೂತ್ರಿ ಅಂತೀರಲ್ಲ, ಆ ಒಂದು ಲೈನ್ ಓದಿ ನಿಲ್ಲಿಸ್ಬಿಟ್ಟೆ. ನಾನೂ ಒಬ್ಳೇ ಹೋಗ್ತೀನಿ, ಮೂರು ವರ್ಷ ಆಯ್ತು, ಪೆಡಲ್ ಮಾಡ್ತಾ ಇರೋವರೆಗೂ ಯಾರೂ ಏನೂ ಕೇಳಲ್ಲ, ನಿಂತ್ರೆ ಶುರು. ಎಲ್ಲಿಂದ ಬಂದೆ, ಜೊತೇಲಿ ಯಾರೂ ಇಲ್ವಾ, ಮನೇಲಿ ಗೊತ್ತಾ, ಮದುವೆ ಆಗಿದ್ಯಾ. ಕೇಳೋದ್ರಲ್ಲಿ ನೂರಕ್ಕೆ ತೊಂಬತ್ತು ಜನ ಅಕ್ಕರೆಯಿಂದಾನೇ ಕೇಳ್ತಾರೆ, ಬೈಯೋಕಾಗಲ್ಲ. ಆದ್ರೆ ಆ ಹತ್ತು ಯಾವುದು ಅಂತ ಮುಂಚೆ ಗೊತ್ತಾಗಲ್ವಲ್ಲ. ಅದಕ್ಕೆ ನನ್ನ ಆವರೇಜ್ ನಿಮ್ಮ ಇನ್ನೂರರ ಹುಚ್ಚರಿಗಿಂತ ಚೆನ್ನಾಗಿದೆ, ಆಸೆಯಿಂದ ಅಲ್ಲ.

ನಾನು ಮಾಡ್ಕೊಂಡಿರೋ ವ್ಯವಸ್ಥೆ ಹೇಳ್ತೀನಿ. ನಿಲ್ಲೋದು ಹೆಂಗಸರು ಇರೋ ಜಾಗದಲ್ಲಿ ಮಾತ್ರ: ಹಾಲಿನ ಡೈರಿ ಮುಂದೆ ಬೆಳಿಗ್ಗೆ, ಶಾಲೆ ಪಕ್ಕದ ಅಂಗಡಿ, ನಾಟಿ ನಡೀತಿರೋ ಗದ್ದೆ ಬದಿ. ನಾಟಿ ಹೆಂಗಸರ ಹತ್ರ ಕೂತ್ರೆ ಯಾವ ಗಂಡಸೂ ಹತ್ರ ಬರಲ್ಲ, ಅವರ ಬಾಯಿಗೆ ಹೆದರ್ತಾರೆ. ಟಾಯ್ಲೆಟ್ಟಿಗೆ ದೊಡ್ಡ ರೋಡಿನ ಪೆಟ್ರೋಲ್ ಬಂಕ್, ಅದನ್ನ ನೋಡ್ಕೊಂಡೇ ರೂಟ್ ಹಾಕ್ತೀನಿ, ಅದಕ್ಕೇ ಒಳದಾರಿ ಅಷ್ಟು ಸಿಗಲ್ಲ ನಂಗೆ. ಲೈವ್ ಲೊಕೇಶನ್ ತಂಗಿಗೆ. ರೈಡ್ ದಾಖಲಿಸೋ ಆ್ಯಪಲ್ಲಿ ಮನೆ ಸುತ್ತ ಮರೆಮಾಡೋ ಸೆಟ್ಟಿಂಗ್ ಇರುತ್ತೆ, ಗಂಡಸರೂ ಆನ್ ಮಾಡ್ಕೊಳ್ಳಿ, ಸೈಕಲ್ ಕಳ್ಳರಿಗೆ ಗಂಡು ಹೆಣ್ಣು ಇಲ್ಲ.

ಮೇಲುಕೋಟೆಗೆ ಹೋಗಿಲ್ಲ ಇನ್ನೂ. ತೊಣ್ಣೂರಿಂದ ಜಕ್ಕನಹಳ್ಳಿ ತನಕ ಎಷ್ಟು ನಿರ್ಜನ ಹೇಳಿ?

ಹಿಂದಿನಗಾಲಿ

ಭಾನುವಾರ ಬೆಳಿಗ್ಗೆ ಒಕ್ಕಣೆ ಇದ್ದಿದ್ದಕ್ಕೆ ಅಲ್ಲಲ್ಲಿ ಜನ ಇದ್ರು. ಆದ್ರೆ ಬೇರೆ ದಿನ ಹೇಗೋ ನಂಗೆ ಗೊತ್ತಿಲ್ಲ, ಒಂದು ಸಲ ಹೋಗಿ ಬಂದು ಸೇಫ್ ಅನ್ನೋಕೆ ಧೈರ್ಯ ಇಲ್ಲ. ತೊಣ್ಣೂರು ಬಿಟ್ಟು ಪಾಂಡವಪುರದಿಂದ ನೇರ ಹೋದ್ರೆ ಬಸ್ ರೂಟೇ, ಓಡಾಟ ಇರುತ್ತೆ. ಜಕ್ಕನಹಳ್ಳೀಲಿ ಅಂಗಡಿ ಹೋಟ್ಲು ಇವೆ, ಅಲ್ಲಿಂದ ಮೇಲಕ್ಕೆ ಯಾತ್ರೆಯೋರ ಗಾಡಿ ಇದ್ದೇ ಇರುತ್ತೆ. ನಾನು ಆ ಒಂದು ಲೈನ್ ಏನೂ ಯೋಚನೆ ಮಾಡದೇ ಬರ್ದಿದ್ದೆ ನೋಡಿ.

ಪಾಂಡವಪುರದ ಹೈದ

ಅಕ್ಕ, ತೊಣ್ಣೂರಿಗೆ ಬರೋದಾದ್ರೆ ನಂಬಿನಾರಾಯಣ ದೇವಸ್ಥಾನದ ಕಡೆ ಕೂತ್ಕಳಿ, ಪೂಜೆ ಟೈಮಲ್ಲಿ ಜನ ಇರ್ತಾರೆ. ರಾಮಾನುಜಾಚಾರ್ಯರು ಇದ್ದ ಜಾಗ ಅದು, ಮೇಲುಕೋಟೆಗೂ ಮುಂಚೆ. ಕೆರೆಗೆ ಮಾತ್ರ ಇಳೀಬೇಡಿ ಯಾರೂ, ನೀರು ತಿಳಿಯಾಗಿ ಕಾಣ್ತದೆ, ಆಳ ಗೊತ್ತಾಗಲ್ಲ, ಈಜು ಬಂದೋರೇ ಹೋಗವ್ರೆ.

ಅಟ್ಲಾಸ್ ಕಾಲದವನು

ನನಗೀಗ ಎಪ್ಪತ್ತೊಂದು. ಮೊಮ್ಮಗ ಇದನ್ನು ಓದಿ ತೋರಿಸಿದ, ಟೈಪ್ ಮಾಡ್ತಿರೋದೂ ಅವನೇ, ತಪ್ಪಿದ್ದರೆ ಅವನದು.

ನೀವು ಹೋದ ಏರು ನಾನು ಹತ್ತಿದ್ದೇನೆ, ಗೇರಿಲ್ಲದ ಸೈಕಲ್ಲಲ್ಲಿ, ಹಿಂದೆ ಕ್ಯಾರಿಯರ್ ಮೇಲೆ ಸ್ನೇಹಿತ. ವೈರಮುಡಿಗೆ. ವೈರಮುಡಿ ಉತ್ಸವ ನಡೆಯೋದು ರಾತ್ರಿ, ಬಸ್ಸೆಲ್ಲಾ ತುಂಬಿರ್ತಿತ್ತು, ಮಂಡ್ಯದಿಂದ ಬಾಡಿಗೆ ಸೈಕಲ್ ಹಿಡಿದು ಸಾಯಂಕಾಲ ಬಿಟ್ಟೆವು. ಆಗ ಸೈಕಲ್ಲಿಗೆ ಮುನಿಸಿಪಾಲಿಟಿ ಲೈಸೆನ್ಸ್ ಇತ್ತು, ಬಿಲ್ಲೆ ಇಲ್ಲದಿದ್ರೆ ದಂಡ, ಡಬಲ್ ರೈಡಿಂಗಿಗೆ ದಂಡ, ರಾತ್ರಿ ದೀಪ ಇಲ್ಲದಿದ್ರೆ ದಂಡ. ಡೈನಮೋ ಟೈರಿಗೆ ಒತ್ತಿಕೊಂಡು ತಿರುಗೋದು, ಜೋರಾಗಿ ತುಳಿದ್ರೆ ಬೆಳಕು, ಏರಲ್ಲಿ ನಿಧಾನ ಆಯ್ತೋ ದೀಪ ಮಿಣುಕು ಮಿಣುಕು, ಇಳಿದು ತಳ್ಳಿದ್ರೆ ಕಗ್ಗತ್ತಲು. ಅಂದರೆ ಬೆಳಕು ಬೇಕಾದಾಗಲೇ ಇರ್ತಿರಲಿಲ್ಲ. ಅಲ್ಲಿ ತೋಳ ಇದೆ ಅಂತ ಊರೋರು ಹೆದರಿಸೋರು. ಸುಳ್ಳೇನಲ್ಲ, ಆ ಗುಡ್ಡಗಾಡನ್ನು 1974ರಲ್ಲಿ ತೋಳಗಳಿಗಂತಲೇ ವನ್ಯಧಾಮ ಮಾಡಿದ್ರು. ನಾವು ಕತ್ತಲಲ್ಲಿ ಗಟ್ಟಿಯಾಗಿ ಹಾಡಿಕೊಂಡು ಸೈಕಲ್ ತಳ್ಳಿದೆವು. ತೋಳ ಬರಲಿಲ್ಲ, ನಮ್ಮ ಹಾಡಿಗೇ ಇರಬೇಕು.

ಒಂದು ಪ್ರಶ್ನೆ. ನಿಮ್ಮ ಸೈಕಲ್ಲಿಗೆ ಬೆಲ್ ಇದೆಯಾ? ಈಗಿನ ಸೈಕಲ್ಲಲ್ಲಿ ಬೆಲ್ಲೇ ನೋಡಿಲ್ಲ ನಾನು. ಹಿಂದಿನಿಂದ ಸದ್ದಿಲ್ಲದೆ ಬಂದು ಪಕ್ಕದಲ್ಲಿ "ಸರ್ ಸರ್" ಅಂತ ಕೂಗ್ತಾರೆ, ಎದೆ ಧಸಕ್ ಅನ್ನತ್ತೆ.

ಹಿಂದಿನಗಾಲಿ

ಇಲ್ಲ ಸರ್. ನೂರಿಪ್ಪತ್ತು ರೂಪಾಯಿ ಕೊಟ್ಟು ಈ ವಾರವೇ ಹಾಕಿಸ್ತೀನಿ.

ಗಾಳಿ ಎದುರು

ನೆದರ್‌ಲ್ಯಾಂಡ್ಸಿಂದ ಬರೀತಿದೀನಿ, ಊರು ಮದ್ದೂರು ಕಡೆ. ಇಲ್ಲಿ ಒಬ್ಬನೇ ಸೈಕಲ್ ಹೊಡೆಯೋದು ಎಷ್ಟು ಸುಲಭ ಅಂದ್ರೆ ಮ್ಯಾಪೇ ಬೇಡ, ಸೈಕಲ್ ದಾರಿ ಕೂಡೋ ಜಾಗಕ್ಕೆಲ್ಲಾ ಒಂದೊಂದು ನಂಬರ್ ಹಾಕಿರ್ತಾರೆ, ಮನೆ ಬಿಡೋವಾಗ 23, 47, 61 ಅಂತ ಚೀಟೀಲಿ ಬರ್ಕೊಂಡು ಹ್ಯಾಂಡಲ್ಲಿಗೆ ಅಂಟಿಸ್ಕೊಂಡ್ರೆ ಬೋರ್ಡ್ ನೋಡ್ಕೊಂಡು ಹೋಗ್ತಾ ಇರೋದೇ. ಏರೇ ಇಲ್ಲ, ಅದರ ಬದಲು ಗಾಳಿ. ಹೋಗೋವಾಗ್ಲೂ ಎದುರು ಬರೋವಾಗ್ಲೂ ಎದುರು, ಹೇಗೆ ಅಂತ ಇವತ್ತಿಗೂ ಅರ್ಥ ಆಗಿಲ್ಲ.

ಆದ್ರೆ ಎಂಟು ವರ್ಷದಲ್ಲಿ ಯಾರೂ ನನ್ನ ನಿಲ್ಲಿಸಿ ಎಲ್ಲಿಂದ ಬಂದೆ ಅಂತ ಕೇಳಿಲ್ಲ. ಮೇಲೆ ಒಬ್ರು ಆ ಪ್ರಶ್ನೆ ಕಷ್ಟ ಅಂತ ಬರ್ದಿದಾರೆ, ಅವರ ಮಾತು ನ್ಯಾಯವೇ. ನಂಗೆ ಮಾತ್ರ ಯಾರಾದ್ರೂ ಕೇಳ್ಲಿ ಅನ್ಸುತ್ತೆ, ಅದೂ ಕುಡ್ಲು ಹಿಡ್ಕೊಂಡು.

ಹೊಸಬ ಮಂಡ್ಯ

ಎಲ್ರೂ ದೊಡ್ಡ ದೊಡ್ಡ ಮಾತಾಡ್ತಿದೀರ, ನಂದು ಸಣ್ಣ ಡೌಟು. ಹೊಸ ರೋಡ್ ಬೈಕ್ ತಗೊಂಡೆ, ಗಾಳಿ ಹಾಕಿಸೋಕೆ ಪಂಕ್ಚರ್ ಅಂಗಡಿಗೆ ಹೋದ್ರೆ ಇದು ಸೈಕಲ್ ವಾಲ್ವೇ ಅಲ್ಲ ಅಂತ ಕಳಿಸ್ಬಿಟ್ರು. ಮತ್ತೆ ಎಷ್ಟು ಗಾಳಿ ಹಾಕ್ಬೇಕು? ಟೈರ್ ಮೇಲೆ 115 ಅಂತ ಇದೆ. ಮತ್ತೆ ನಾಯಿ ಬಂದ್ರೆ ಏನ್ ಮಾಡೋದು?

ಗ್ರೀಸ್ ಕೈ

ಅದು ಪ್ರೆಸ್ಟಾ ವಾಲ್ವ್, ತುದೀಲಿ ಸಣ್ಣ ಸ್ಕ್ರೂ ಇರುತ್ತೆ, ಸಡಿಲ ಮಾಡಿ ಒಂದು ಸಲ ಒತ್ತಿ ಆಮೇಲೆ ಗಾಳಿ. ಹಿತ್ತಾಳೆ ಅಡಾಪ್ಟರ್ ಸಿಗುತ್ತೆ, ಬೆರಳ ತುದಿಯಷ್ಟು, ಅದನ್ನ ತಿರುಗಿಸಿದ್ರೆ ಬೈಕಿನ ಪಂಪೇ ಆಗುತ್ತೆ. ಎರಡು ತಗೊಳ್ಳಿ, ಒಂದು ಕಳೆದುಹೋಗೋಕೆ. ಆದ್ರೆ ಲಾರಿ ಪಂಕ್ಚರ್ ಅಂಗಡಿ ಕಂಪ್ರೆಸರ್ ಹುಷಾರು, ಎರಡು ಸೆಕೆಂಡಲ್ಲಿ ಟ್ಯೂಬ್ ಢಂ ಅನ್ಸುತ್ತೆ.

115 ಅನ್ನೋದು ಗರಿಷ್ಠ, ಅಷ್ಟು ಹಾಕಿ ಅಂತಲ್ಲ. 28 ಟೈರು, ಎಪ್ಪತ್ತೈದು ಕೆಜಿ ಮನುಷ್ಯ ಅಂದ್ರೆ 75–80 ಪಿಎಸ್ಐ ಸಾಕು, ಹಿಂದೆ ಸ್ವಲ್ಪ ಜಾಸ್ತಿ ಮುಂದೆ ಕಮ್ಮಿ. ಹಳ್ಳಿ ರೋಡಲ್ಲಿ ಕಲ್ಲಿನಂಗೆ ಗಟ್ಟಿ ಹಾಕಿದ್ರೆ ಸ್ಪೀಡ್ ಬರಲ್ಲ, ಪ್ರತಿ ಗುಂಡಿಗೂ ಸೈಕಲ್ ಎಗರುತ್ತೆ, ಎಗರೋಕೆ ಹೋಗೋ ಶಕ್ತಿ ನಿಮ್ಮ ಕಾಲಿಂದೇ. ಫ್ರೇಮಲ್ಲಿ ಜಾಗ ಇದ್ರೆ 32 ಹಾಕಿ ಅಂತೀನಿ. ಪಂಕ್ಚರ್ ಆದಾಗ ಹೊಸ ಟ್ಯೂಬ್ ಹಾಕೋಕೆ ಮುಂಚೆ ಟೈರ್ ಒಳಗೆ ಬೆರಳಾಡಿಸಿ ಜಾಲಿ ಮುಳ್ಳು ಹುಡುಕಿ ತೆಗೀರಿ. ಮರೆತು ಒಂದೇ ಮುಳ್ಳಿಗೆ ಮೂರು ಟ್ಯೂಬ್ ಬಲಿ ಕೊಟ್ಟೋರನ್ನ ನೋಡಿದೀನಿ.

ಇನ್ನೂರರ ಹುಚ್ಚ

ನಾಯಿಗೆ: ಓಡಿಸಬೇಡಿ. ಇಳೀರಿ, ಸೈಕಲ್ ಮಧ್ಯೆ ಇಟ್ಕೊಳ್ಳಿ, ನಡೀರಿ. ಓಡೋ ಕಾಲು ಕಂಡ್ರೆ ಅಟ್ಟುತ್ತೆ, ನಡೆಯೋ ಮನುಷ್ಯ ಅಂದ್ರೆ ನಾಯಿಗೆ ಬೋರು. ನೋಡಿ, ನಾನೂ ಇಳಿದು ನಡೆಯೋನೇ.

ಒಬ್ಬಳೇ ಹೊರಟವಳು

ಮುಂದಿನ ರೂಟ್ ಯಾವ್ದು? ನಾನು ಬನ್ನೂರು ಮೇಲೆ ಸೋಮನಾಥಪುರ ಹೇಳ್ತೀನಿ, ರೋಡ್ ಪೂರ್ತಿ ಗದ್ದೆ ಬಯಲು, ಏರು ಅನ್ನೋದೇ ಇಲ್ಲ ಅಂದ್ರೂ ನಡೆಯುತ್ತೆ, ಜನ ಓಡಾಟ ಇದೆ. 2023ರಲ್ಲಿ ಬೇಲೂರು ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿದ್ಮೇಲೆ ಹತ್ತು ಗಂಟೆ ಆದ್ರೆ ಬಸ್ಸುಗಟ್ಟಲೆ ಬರ್ತಾರೆ, ಬಾಗಿಲು ತೆಗೆಯೋ ಹೊತ್ತಿಗೆ ಸರಿಯಾಗಿ ಹೋಗಿ. ಒಳಗಡೆ ಹೆಂಗಸರು ಮಕ್ಕಳು ಇರೋದ್ರಿಂದ ಎಷ್ಟು ಹೊತ್ತು ಬೇಕಾದ್ರೂ ಕೂರಬಹುದು, ನಾನು ಒಂದು ಸಲ ಒಂದೂವರೆ ಗಂಟೆ ಕೂತಿದ್ದೆ.

ಹಿಂದಿನಗಾಲಿ

ಸರಿ, ಸೋಮನಾಥಪುರ. ಅಪ್ಡೇಟ್ ಒಂದಿದೆ: ಹ್ಯಾಂಗರ್ ನೇರ ಮಾಡಿಸ್ದೆ, ಸೌಂಡ್ ಹೋಯ್ತು. ಬಿಚ್ಚಿದಾಗ ಜಾಕಿ ವೀಲ್ ಹಿಂದೆ ಒಂದು ಕಾಯಿ ಇನ್ನೂ ಸಿಕ್ಕಾಕ್ಕೊಂಡಿತ್ತು, ಒಳಗೆ ಐದು ಕಾಳು, ಗ್ರೀಸಲ್ಲಿ ಅದ್ದಿದಂಗೆ. ಮೆಕ್ಯಾನಿಕ್ ಬಿಸಾಕೋಕೆ ಹೋದ, ಇಸ್ಕೊಂಡು ಬಂದು ಕುಂಡಕ್ಕೆ ಹಾಕಿದೀನಿ. ಮೂರು ಮೊಳಕೆ ಬಂದಿದೆ. ಬೆಲ್ ಹಾಕಿಸಿದೀನಿ ಸರ್.

ಭಾನುವಾರದ ಗುಂಪು

ಜ್ವರ ಈಗ ಹೇಗಿದೆ?

ಹಿಂದಿನಗಾಲಿ

ಅಯ್ಯೋ. ಟೀ ಜೊತೆ ಬೋಂಡಾನೂ ನಂದೇ.